ಕಾಣದ 21 ಗ್ಯಾಲಕ್ಸಿಗಳು: ಕಪ್ಪುಕುಳಿ ಮತ್ತು ನಕ್ಷತ್ರ ಜನನದ ಕುರಿತ ಒಂದು ಪ್ರಕರಣ ಅಧ್ಯಯನ

2012ರ ಮೇ 10ರ ‘ನೇಚರ್’ ಸಂಚಿಕೆಯಲ್ಲಿ ನಾಲ್ಕು ಪುಟಗಳ ಒಂದು ಪ್ರಬಂಧ ಪ್ರಕಟವಾಯಿತು. ಯೂನಿವರ್ಸಿಟಿ ಕಾಲೇಜ್ ಲಂಡನ್‌ಗೆ ಸೇರಿದ ಮಲ್ಲಾರ್ಡ್ ಬಾಹ್ಯಾಕಾಶ ವಿಜ್ಞಾನ ಪ್ರಯೋಗಾಲಯದ ಮ್ಯಾಥ್ಯೂ ಪೇಜ್ ಮತ್ತು ಅವರ ಸಂಗಡಿಗರು ಬರೆದ ಆ ಪ್ರಬಂಧದ ತಿರುಳು ಇಷ್ಟು: ದೂರದ ಗ್ಯಾಲಕ್ಸಿಗಳ ನಡುವಿನಲ್ಲಿರುವ ಬೃಹತ್ ಕಪ್ಪುಕುಳಿಗಳ ಪೈಕಿ ಅತ್ಯಂತ ಪ್ರಖರವಾದವು ತಮ್ಮ ಗ್ಯಾಲಕ್ಸಿಗಳಲ್ಲಿ ಹೊಸ ನಕ್ಷತ್ರಗಳು ಹುಟ್ಟುವುದನ್ನು ತಡೆದಿವೆ. ಅದೇ ವರ್ಷ ಮುಗಿಯುವುದರೊಳಗೆ ಡರ್ಹಮ್ ವಿಶ್ವವಿದ್ಯಾಲಯದ ಕ್ರಿಸ್ ಹ್ಯಾರಿಸನ್ ಮತ್ತು ಸಂಗಡಿಗರು, ಅದೇ ದೂರದರ್ಶಕ ಅದೇ ತರಂಗಾಂತರದಲ್ಲಿ ಕೊಟ್ಟ ಮಾಹಿತಿಯನ್ನು ಇನ್ನೂ ವಿಸ್ತಾರವಾದ ಆಕಾಶಭಾಗದಲ್ಲಿ ಪರಿಶೀಲಿಸಿ, ಅಂತಹ ತಡೆಯ ಸ್ಪಷ್ಟ ಗುರುತು ಕಾಣುವುದಿಲ್ಲವೆಂದು ‘ಆಸ್ಟ್ರೋಫಿಸಿಕಲ್ ಜರ್ನಲ್ ಲೆಟರ್ಸ್’ನಲ್ಲಿ ಪ್ರಕಟಿಸಿದರು. ಎರಡೂ ತಂಡಗಳು ನುರಿತವರವೇ ಆಗಿದ್ದವು, ಎರಡೂ ಎಚ್ಚರದಿಂದಲೇ ಅಳತೆ ಮಾಡಿದ್ದವು. ಆದರೂ ಉತ್ತರಗಳು ಬೇರೆಯಾದವು. ದೂರ ಅವಕೆಂಪು ಬೆಳಕಿನಲ್ಲಿ ಸಕ್ರಿಯ ಗ್ಯಾಲಕ್ಸಿಗಳನ್ನು, ಅಂದರೆ ನಡುವಿನ ಕಪ್ಪುಕುಳಿಗೆ ಬೀಳುವ ಅನಿಲ ಪ್ರಖರವಾಗಿ ಬೆಳಗುತ್ತಿರುವ ಗ್ಯಾಲಕ್ಸಿಗಳನ್ನು, ಅಳೆಯುವಾಗ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಈ ಒಂದೇ ಪ್ರಕರಣದಲ್ಲಿ ಒಟ್ಟಿಗೆ ಸಿಗುವುದರಿಂದ ಇದನ್ನು ಬಿಡಿಸಿ ನೋಡುವುದು ಅಗತ್ಯವೆಂದು ನನಗೆ ಅನ್ನಿಸಿದೆ.

ಪ್ರಶ್ನೆ ಹುಟ್ಟಿದ ಬಗೆ

ಕಪ್ಪುಕುಳಿಗೂ ನಕ್ಷತ್ರ ಜನನಕ್ಕೂ ನಂಟಿರಬೇಕೆಂಬ ನಿರೀಕ್ಷೆ 2012ಕ್ಕಿಂತ ಬಹಳ ಹಿಂದಿನದು. ಗ್ಯಾಲಕ್ಸಿಯ ನಡುವಿನ ಉಬ್ಬಿನಲ್ಲಿ ನಕ್ಷತ್ರಗಳು ಎಷ್ಟು ವೇಗದಲ್ಲಿ ಚದುರಿ ಚಲಿಸುತ್ತವೆ ಎಂಬುದಕ್ಕೂ ಕೇಂದ್ರದ ಕಪ್ಪುಕುಳಿಯ ದ್ರವ್ಯರಾಶಿಗೂ ಬಿಗಿಯಾದ ಸಂಬಂಧವಿದೆಯೆಂದು 2000ದಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ತೋರಿಸಿದ್ದವು. ಗಾತ್ರದಲ್ಲಿ ಅಜಗಜಾಂತರವಿರುವ ಈ ಎರಡು ವಸ್ತುಗಳು ಒಂದರ ಅಳತೆಗೆ ಇನ್ನೊಂದು ಹೊಂದಿಕೊಂಡು ಬೆಳೆದಿವೆಯೆಂದರೆ ಅವುಗಳ ನಡುವೆ ಯಾವುದೋ ಸಂವಹನ ನಡೆದಿರಬೇಕು. ಇನ್ನೊಂದು ಕಡೆ, ಗ್ಯಾಲಕ್ಸಿಗಳ ಬೆಳವಣಿಗೆಯನ್ನು ಗಣಕದಲ್ಲಿ ಅನುಕರಿಸುವವರಿಗೆ ಬೇರೆಯದೇ ತೊಂದರೆಯಿತ್ತು. ಅನಿಲ ತಣಿದು ಕುಸಿದು ನಕ್ಷತ್ರಗಳಾಗುವುದನ್ನು ಯಾವುದೂ ತಡೆಯದಿದ್ದರೆ, ಇಂದು ಕಾಣುವ ಭಾರಿ ಗ್ಯಾಲಕ್ಸಿಗಳು ಇನ್ನೂ ಭಾರವಾಗಿ, ಇನ್ನೂ ನೀಲಿಯಾಗಿ ಇರಬೇಕಿತ್ತು. ಕಪ್ಪುಕುಳಿ ಹೊರಸೂಸುವ ಶಕ್ತಿಯ ಸುಮಾರು 5 ಶತಾಂಶವಾದರೂ ಸುತ್ತಲಿನ ಅನಿಲಕ್ಕೆ ತಗುಲಿದರೆ ಅದು ಕಾದು ಹೊರಗೆ ಹಾರಿಹೋಗುತ್ತದೆಂದು 2005ರಲ್ಲಿ ಟಿಜಿಯಾನಾ ಡಿ ಮ್ಯಾಟಿಯೋ, ಫೋಲ್ಕರ್ ಸ್ಪ್ರಿಂಗೆಲ್ ಮತ್ತು ಲಾರ್ಸ್ ಹರ್ನ್‌ಕ್ವಿಸ್ಟ್ ಮಾಡಿದ ಅನುಕರಣೆ ತೋರಿಸಿತು. ಆದ್ದರಿಂದ ಪೇಜ್ ತಂಡದ ಫಲಿತಾಂಶ ಬಂದಾಗ ಅದು ಬಹುಕಾಲದಿಂದ ಕಾದಿದ್ದ ಸಾಕ್ಷಿಯಂತೆಯೇ ಕಂಡಿತು. ನಿರೀಕ್ಷೆಗೆ ಸರಿಯಾಗಿ ಹೊಂದುವ ಫಲಿತಾಂಶವನ್ನು ಎರಡನೆಯ ಬಾರಿ ತಿರುವಿ ನೋಡುವ ಒತ್ತಾಯ ಕಡಿಮೆಯಿರುತ್ತದೆ. ಹ್ಯಾರಿಸನ್ ತಂಡ ಅಷ್ಟು ಬೇಗ ತಿರುವಿ ನೋಡಿದ್ದನ್ನು ನಾನು ಈ ಕಾರಣಕ್ಕಾಗಿಯೇ ಗೌರವದಿಂದ ನೆನೆಯುತ್ತೇನೆ.

ನಕ್ಷತ್ರ ಜನನವನ್ನು ಅಳೆಯಲು ದೂರ ಅವಕೆಂಪು ಬೆಳಕೇ ಏಕೆ ಬೇಕು? ಎಳೆಯ, ಭಾರಿ ನಕ್ಷತ್ರಗಳು ಸೂಸುವ ನೇರಳಾತೀತ ಬೆಳಕನ್ನು ಅವು ಹುಟ್ಟಿದ ಮೋಡದ ದೂಳೇ ಹೀರಿಕೊಳ್ಳುತ್ತದೆ. ಹೀರಿಕೊಂಡ ದೂಳು ಪರಮ ಶೂನ್ಯಕ್ಕಿಂತ 20ರಿಂದ 60 ಡಿಗ್ರಿ ಮೇಲಿನ ಉಷ್ಣತೆಗೆ ಬೆಚ್ಚಗಾಗಿ, 100 ಮೈಕ್ರೋಮೀಟರ್ ಆಸುಪಾಸಿನ ತರಂಗಾಂತರದಲ್ಲಿ ಆ ಶಕ್ತಿಯನ್ನು ಮರಳಿ ಸೂಸುತ್ತದೆ. ಕಪ್ಪುಕುಳಿಯ ಸುತ್ತಲೂ ದೂಳಿದೆ, ಆದರೆ ಅದು ನೂರಾರು ಡಿಗ್ರಿಗೆ ಕಾದಿರುತ್ತದೆ, ಒಳಅಂಚಿನಲ್ಲಿ ದೂಳಿನ ಕಣಗಳೇ ಆವಿಯಾಗುವ ಸುಮಾರು 1,500 ಡಿಗ್ರಿಯವರೆಗೂ ಹೋಗುತ್ತದೆ. ಅದರ ಬೆಳಕು ಮುಖ್ಯವಾಗಿ 10ರಿಂದ 30 ಮೈಕ್ರೋಮೀಟರ್‌ಗಳ ಮಧ್ಯ ಅವಕೆಂಪಿನಲ್ಲಿ ಬೀಳುತ್ತದೆ. ಹೀಗೆ ಕಾದ ದೂಳು ಕಪ್ಪುಕುಳಿಯ ಕಥೆಯನ್ನೂ ತಣ್ಣನೆಯ ದೂಳು ನಕ್ಷತ್ರಗಳ ಕಥೆಯನ್ನೂ ಹೇಳುತ್ತವೆ. ಗೋಚರ ಬೆಳಕಿನಲ್ಲಿ ಪ್ರಖರ ಕೇಂದ್ರವು ತನ್ನ ಗ್ಯಾಲಕ್ಸಿಯನ್ನೇ ಮರೆಮಾಡಿಬಿಡುತ್ತದೆ; ದೂರ ಅವಕೆಂಪಿನಲ್ಲಿ ಆ ಕೇಂದ್ರ ಬಹುಮಟ್ಟಿಗೆ ಮಂಕಾಗಿ, ಸುತ್ತಲಿನ ನಕ್ಷತ್ರ ಜನನ ಮುಂದೆ ಬರುತ್ತದೆ.

ಈ ಬೆಳಕನ್ನು ಭೂಮಿಯ ವಾತಾವರಣದ ನೀರಾವಿ ತಡೆಯುವುದರಿಂದ ಬಾಹ್ಯಾಕಾಶಕ್ಕೇ ಹೋಗಬೇಕು. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಹರ್ಷೆಲ್ ದೂರದರ್ಶಕ 2009ರ ಮೇ 14ರಂದು ಫ್ರೆಂಚ್ ಗಯಾನಾದ ಕೂರೂ ಉಡಾವಣಾ ಕೇಂದ್ರದಿಂದ ಹೊರಟಿತು. 3.5 ಮೀಟರ್ ಅಗಲದ ಅದರ ಕನ್ನಡಿ ಆ ಕಾಲಕ್ಕೆ ಬಾಹ್ಯಾಕಾಶದಲ್ಲಿದ್ದ ದೂರದರ್ಶಕ ಕನ್ನಡಿಗಳಲ್ಲಿ ಅತಿ ದೊಡ್ಡದು. ಅದರ ಸ್ಪೈರ್ ಎಂಬ ಉಪಕರಣ 250, 350 ಮತ್ತು 500 ಮೈಕ್ರೋಮೀಟರ್‌ಗಳಲ್ಲಿ ಆಕಾಶದ ಚಿತ್ರ ತೆಗೆಯುತ್ತಿತ್ತು. ಆದರೆ ತರಂಗಾಂತರ ಉದ್ದವಾದಷ್ಟೂ ಚಿತ್ರ ಮಸುಕಾಗುವುದು ಬೆಳಕಿನ ಸ್ವಭಾವ. 250 ಮೈಕ್ರೋಮೀಟರ್‌ನಲ್ಲಿ ಹರ್ಷೆಲ್‌ಗೆ ಬಿಡಿಸಿ ಕಾಣುತ್ತಿದ್ದ ಅತಿ ಸಣ್ಣ ಚುಕ್ಕೆಯ ಅಗಲ ಸುಮಾರು 18 ಆರ್ಕ್‌ಸೆಕೆಂಡ್. ಈ ಪ್ರಕರಣದ ಗ್ಯಾಲಕ್ಸಿಗಳಿರುವ ದೂರದಲ್ಲಿ ಅದು ಸುಮಾರು 5 ಲಕ್ಷ ಜ್ಯೋತಿರ್ವರ್ಷಗಳಿಗೆ ಸಮ, ಅಂದರೆ ನಮ್ಮ ಕ್ಷೀರಪಥದ ತಟ್ಟೆಯಂತಹ ಐದನ್ನು ಸಾಲಾಗಿ ಇಟ್ಟಷ್ಟು. ಒಂದೇ ಚುಕ್ಕೆಯೊಳಗೆ ಹಲವು ಮಂಕು ಗ್ಯಾಲಕ್ಸಿಗಳ ಬೆಳಕು ಬೆರೆತು ಹಿನ್ನೆಲೆಯಲ್ಲಿ ಒಂದು ಬಗೆಯ ಏರಿಳಿತ ಉಳಿದುಬಿಡುತ್ತದೆ. ಈ ಬೆರಕೆಯ ಗದ್ದಲ 250 ಮೈಕ್ರೋಮೀಟರ್‌ನಲ್ಲಿ ಸುಮಾರು 5.8 ಮಿಲಿಜಾನ್ಸ್ಕಿಯಷ್ಟಿತ್ತು (ಜಾನ್ಸ್ಕಿ ಎಂಬುದು ನಮ್ಮನ್ನು ತಲುಪುವ ಬೆಳಕನ್ನು ಅಳೆಯುವ ಮಾನ), ಎಷ್ಟು ಹೊತ್ತು ನೋಡಿದರೂ ಅದು ಇಳಿಯುವಂತಹುದಲ್ಲ. ಒಂದು ಗ್ಯಾಲಕ್ಸಿ ನಿಜವಾಗಿ ಕಂಡಿತು ಎನ್ನಬೇಕಾದರೆ ಅದು ಈ ಗದ್ದಲದ ಮೂರು ಪಟ್ಟಾದರೂ ಪ್ರಕಾಶವಾಗಿರಬೇಕು. ಮುಂದಿನ ವಾದವೆಲ್ಲ ನಿಂತಿರುವುದು ಈ ಹೊಸ್ತಿಲ ಮೇಲೆ.

65 ಗ್ಯಾಲಕ್ಸಿಗಳ ಲೆಕ್ಕ

ಪೇಜ್ ತಂಡ ಆರಿಸಿಕೊಂಡದ್ದು ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿರುವ ‘ಚಂದ್ರ ಡೀಪ್ ಫೀಲ್ಡ್ ನಾರ್ತ್’ ಎಂಬ ಆಕಾಶಭಾಗವನ್ನು. ಚಂದ್ರ ಎಕ್ಸ್-ಕಿರಣ ದೂರದರ್ಶಕ ಅಲ್ಲಿ ಒಟ್ಟು 20 ಲಕ್ಷ ಸೆಕೆಂಡುಗಳಷ್ಟು, ಅಂದರೆ 23 ದಿನಗಳಷ್ಟು ಕಾಲ ದಿಟ್ಟಿಸಿ ನೋಡಿತ್ತು. ಎಕ್ಸ್-ಕಿರಣದಿಂದ ಆರಿಸುವುದರಲ್ಲಿ ಒಂದು ಅನುಕೂಲವಿದೆ: ಅಷ್ಟು ಪ್ರಬಲ ಎಕ್ಸ್-ಕಿರಣವನ್ನು ನಕ್ಷತ್ರ ಜನನ ಮಾತ್ರದಿಂದ ಸೂಸಲಾಗದು, ದೂಳು ಮತ್ತು ಅನಿಲವನ್ನೂ ಅದು ಬಹುಪಾಲು ತೂರಿ ಬರುತ್ತದೆ. ಕೆಂಪು ಪಲ್ಲಟ (ವಿಶ್ವ ಹಿಗ್ಗಿದಂತೆ ಬೆಳಕಿನ ತರಂಗಾಂತರ ಹಿಗ್ಗಿರುವ ಪ್ರಮಾಣ) 1ರಿಂದ 3ರವರೆಗಿನ, ಅಂದರೆ ಸುಮಾರು 800 ಕೋಟಿಯಿಂದ 1,150 ಕೋಟಿ ವರ್ಷಗಳ ಹಿಂದೆ ಬೆಳಕು ಹೊರಟ ಗ್ಯಾಲಕ್ಸಿಗಳನ್ನು ಅವರು ಎರಡು ಗುಂಪು ಮಾಡಿದರು. ಎಕ್ಸ್-ಕಿರಣ ಪ್ರಭೆ ಸೆಕೆಂಡಿಗೆ 10⁴³ರಿಂದ 10⁴⁴ ಅರ್ಗ್ (ಶಕ್ತಿಯ ಒಂದು ಮಾನ) ಇರುವ 44 ಗ್ಯಾಲಕ್ಸಿಗಳಲ್ಲಿ 11 ಮಾತ್ರ ಹರ್ಷೆಲ್‌ನ 250 ಮೈಕ್ರೋಮೀಟರ್ ಚಿತ್ರದಲ್ಲಿ ಕಂಡವು. 10⁴⁴ ಅರ್ಗ್‌ಗಿಂತ ಹೆಚ್ಚಿನ ಪ್ರಭೆಯ 21 ಗ್ಯಾಲಕ್ಸಿಗಳಲ್ಲಿ ಒಂದೂ ಕಾಣಲಿಲ್ಲ. 10⁴⁴ ಅರ್ಗ್ ಎಂದರೆ ಎಕ್ಸ್-ಕಿರಣದಲ್ಲಿ ಮಾತ್ರವೇ ಸುಮಾರು 2,600 ಕೋಟಿ ಸೂರ್ಯರ ಒಟ್ಟು ಬೆಳಕಿನಷ್ಟು ಶಕ್ತಿ. ಅಷ್ಟು ಪ್ರಬಲ ಕೇಂದ್ರಗಳಿರುವ ಕಡೆ ತಣ್ಣನೆಯ ದೂಳಿನ ಹೊಳಪು ಇಲ್ಲವೆಂದರೆ, ನಕ್ಷತ್ರ ಜನನ ಅಲ್ಲಿ ನಿಂತಿದೆಯೆಂದು ಅವರು ತೀರ್ಮಾನಿಸಿದರು.

ಈ ಅಂಕಿಗಳು ಎಷ್ಟು ಬಲವಾದವು ಎಂಬುದನ್ನು ಯಾರು ಬೇಕಾದರೂ ಕಾಗದದ ಮೇಲೆ ಲೆಕ್ಕ ಹಾಕಬಹುದು. 65 ಗ್ಯಾಲಕ್ಸಿಗಳಲ್ಲಿ 11ಕ್ಕೆ ‘ಕಂಡಿತು’ ಎಂಬ ಚೀಟಿಯನ್ನು ಕಣ್ಣುಮುಚ್ಚಿ ಹಂಚಿದರೆ, ಆ 11ರಲ್ಲಿ ಒಂದೂ 21ರ ಗುಂಪಿಗೆ ಬೀಳದಿರುವ ಸಾಧ್ಯತೆ 1 ಶತಾಂಶಕ್ಕಿಂತ ಸ್ವಲ್ಪ ಕಡಿಮೆ. ನೂರರಲ್ಲಿ ಒಂದು ಬಾರಿ ಆಕಸ್ಮಿಕವಾಗಿ ನಡೆಯಬಹುದಾದ ಸಂಗತಿ ಇದು. ಇದನ್ನು ಗಮನಿಸಿದ ತಂಡ ಪ್ರಬಂಧ ಬರೆದದ್ದು ತಪ್ಪಲ್ಲ. ಆದರೆ ಅದೇ ಲೆಕ್ಕವನ್ನು ಇನ್ನೊಂದು ದಿಕ್ಕಿನಿಂದ ಮಾಡಿ ನೋಡಬೇಕು. 21ರಲ್ಲಿ ಸೊನ್ನೆ ಎಂದಾಗ, ಕಾಣುವ ಗ್ಯಾಲಕ್ಸಿಗಳ ನಿಜವಾದ ಪ್ರಮಾಣ 13 ಶತಾಂಶದವರೆಗೂ ಇರಬಹುದು. 44ರಲ್ಲಿ 11 ಎಂದಾಗ ಆ ಪ್ರಮಾಣ ಸುಮಾರು 15 ಶತಾಂಶದಷ್ಟು ಕೆಳಗೂ 39 ಶತಾಂಶದಷ್ಟು ಮೇಲೂ ಇರಬಹುದು. 13 ಮತ್ತು 15 ಅಕ್ಕಪಕ್ಕದ ಸಂಖ್ಯೆಗಳು. ‘ಇಪ್ಪತ್ತೈದು ಶತಾಂಶಕ್ಕೆ ಎದುರಾಗಿ ಸೊನ್ನೆ’ ಎಂದು ಓದಿದಾಗ ಕಾಣುವ ಕಂದರ, ಅನಿಶ್ಚಿತತೆಯನ್ನು ಸೇರಿಸಿ ಓದಿದಾಗ ಒಂದು ಸಣ್ಣ ಬಿರುಕಾಗುತ್ತದೆ.

ಇದಕ್ಕಿಂತ ಮುಖ್ಯವಾದ ಮಾತು ‘ಕಾಣಲಿಲ್ಲ’ ಎಂಬುದರ ಅರ್ಥಕ್ಕೆ ಸೇರಿದ್ದು. ಆ ದೂರದಲ್ಲಿ ಹರ್ಷೆಲ್‌ನ ಹೊಸ್ತಿಲು ದಾಟಬೇಕಾದರೆ ಗ್ಯಾಲಕ್ಸಿಯೊಂದು ವರ್ಷಕ್ಕೆ ನೂರಾರು ಸೂರ್ಯರಷ್ಟು ದ್ರವ್ಯವನ್ನು ನಕ್ಷತ್ರವಾಗಿಸುತ್ತಿರಬೇಕು. ನಮ್ಮ ಕ್ಷೀರಪಥದಲ್ಲಿ ವರ್ಷಕ್ಕೆ ಹುಟ್ಟುವುದು ಒಂದೆರಡು ಸೂರ್ಯರಷ್ಟು ಮಾತ್ರ. ಆದ್ದರಿಂದ ಆ 21 ಗ್ಯಾಲಕ್ಸಿಗಳು ಕ್ಷೀರಪಥಕ್ಕಿಂತ ಐವತ್ತು ಪಟ್ಟು ಬಿರುಸಾಗಿ ನಕ್ಷತ್ರಗಳನ್ನು ಹೆರುತ್ತಿದ್ದರೂ ಒಂದೊಂದಾಗಿ ನೋಡಿದರೆ ಚಿತ್ರದಲ್ಲಿ ಕಾಣುತ್ತಿರಲಿಲ್ಲ. ಇದು ಪೇಜ್ ತಂಡಕ್ಕೆ ತಿಳಿಯದ ವಿಷಯವಲ್ಲ. ಕಾಣದ ಗ್ಯಾಲಕ್ಸಿಗಳಿರುವ ಜಾಗಗಳ ತುಣುಕು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆಯುವ ವಿಧಾನವನ್ನು ಅವರು ಬಳಸಿಯೇ ಇದ್ದರು. ಹಾಗೆ ಪೇರಿಸಿದಾಗ ಗದ್ದಲ ಪರಸ್ಪರ ಅಳಿಸಿಹೋಗಿ ಮಂಕು ಬೆಳಕು ಮೇಲೆ ಬರುತ್ತದೆ. ಆ ಸರಾಸರಿಯೂ ಪ್ರಖರ ಗುಂಪಿನಲ್ಲಿ ಕುಸಿದೇ ಇತ್ತು.

ಎರಡನೆಯ ಅಳತೆ

ಹ್ಯಾರಿಸನ್ ತಂಡ ಹೊಸ ಉಪಕರಣವನ್ನೇನೂ ತರಲಿಲ್ಲ. ಅದೇ 250 ಮೈಕ್ರೋಮೀಟರ್, ಅದೇ ಕೆಂಪು ಪಲ್ಲಟದ ಹರವು, ಅದೇ ಪೇರಿಸುವ ವಿಧಾನ. ಅವರು ಸೇರಿಸಿದ್ದು ಆಕಾಶವನ್ನು. ಪೇಜ್ ತಂಡ ನೋಡಿದ ಉತ್ತರ ಕ್ಷೇತ್ರದ ವಿಸ್ತಾರ ಸುಮಾರು 0.12 ಚದರ ಡಿಗ್ರಿ, ಹುಣ್ಣಿಮೆಯ ಚಂದ್ರ ಆವರಿಸುವ ಜಾಗಕ್ಕಿಂತಲೂ ಕಡಿಮೆ. ಅದರ ಜೊತೆಗೆ ದಕ್ಷಿಣದ ಆಳವಾದ ಕ್ಷೇತ್ರವನ್ನೂ, ಅದಕ್ಕಿಂತ ಬಹಳ ವಿಸ್ತಾರವಾದ ಕಾಸ್ಮಾಸ್ ಕ್ಷೇತ್ರವನ್ನೂ ತೆಗೆದುಕೊಂಡಾಗ 10⁴⁴ ಅರ್ಗ್‌ಗಿಂತ ಪ್ರಖರವಾದ ಕೇಂದ್ರಗಳ ಸಂಖ್ಯೆ ಹತ್ತು ಪಟ್ಟಾಯಿತು. ಆಗ ಇಳಿಕೆ ಮಾಯವಾಯಿತು. 10⁴³ರಿಂದ 10⁴⁵ ಅರ್ಗ್‌ವರೆಗೆ, ಪ್ರಭೆ ನೂರು ಪಟ್ಟು ಏರಿದರೂ ನಕ್ಷತ್ರ ಜನನದ ಸರಾಸರಿ ದರ ವರ್ಷಕ್ಕೆ ಸುಮಾರು 100ರಿಂದ 200 ಸೂರ್ಯರಾಶಿಯಲ್ಲೇ (ಒಂದು ಸೂರ್ಯರಾಶಿ ಎಂದರೆ ಒಬ್ಬ ಸೂರ್ಯನಷ್ಟು ದ್ರವ್ಯ) ಉಳಿಯಿತು. ಅದು ಆ ಯುಗದ ಸಾಮಾನ್ಯ ಗ್ಯಾಲಕ್ಸಿಗಳ ದರವೂ ಹೌದು. ಪೇಜ್ ತಂಡದ ಅಳತೆಯಲ್ಲಿ ದೋಷವಿದೆಯೆಂದು ಅವರು ದೂರಲಿಲ್ಲ. ಎಣಿಕೆಗೆ ಸಿಕ್ಕ ಗ್ಯಾಲಕ್ಸಿಗಳು ಕಡಿಮೆಯಾದದ್ದೇ ಹಿಂದಿನ ಫಲಿತಾಂಶಕ್ಕೆ ಬಹುಶಃ ಕಾರಣವೆಂದಷ್ಟೇ ಹೇಳಿದರು.

ಕಡಿಮೆ ಎಣಿಕೆಯಿಂದ ಸರಾಸರಿ ಇಷ್ಟು ಬೀಳಬಹುದೇ ಎಂಬ ಸಂದೇಹ ಸಹಜ. ಉತ್ತರ ಇರುವುದು ನಕ್ಷತ್ರ ಜನನದ ದರ ಗ್ಯಾಲಕ್ಸಿಯಿಂದ ಗ್ಯಾಲಕ್ಸಿಗೆ ಹರಡಿರುವ ರೀತಿಯಲ್ಲಿ. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. 21 ಗ್ಯಾಲಕ್ಸಿಗಳಲ್ಲಿ 19ರ ದರ 60 ಸೂರ್ಯರಾಶಿ, ಉಳಿದ ಎರಡರದ್ದು 900 ಎಂದಿಟ್ಟುಕೊಂಡರೆ ಸರಾಸರಿ 140 ಬರುತ್ತದೆ. ಆ ಎರಡು ಗ್ಯಾಲಕ್ಸಿಗಳು ನಾವು ನೋಡಿದ ಪುಟ್ಟ ಕಿಂಡಿಯ ಆಚೆಗೆ ಬಿದ್ದಿದ್ದರೆ ಸರಾಸರಿ 60. ಹೆಚ್ಚಿನ ಗ್ಯಾಲಕ್ಸಿಗಳ ಸ್ಥಿತಿಯಲ್ಲಿ ಎಳ್ಳಷ್ಟೂ ಬದಲಾವಣೆ ಇಲ್ಲದೆ ಸರಾಸರಿ ಅರ್ಧಕ್ಕಿಂತ ಕೆಳಗಿಳಿಯಿತು. ಇದರ ಜೊತೆಗೆ ಗ್ಯಾಲಕ್ಸಿಗಳು ಆಕಾಶದಲ್ಲಿ ಸಮನಾಗಿ ಚೆಲ್ಲಿಲ್ಲ, ಗುಂಪುಗುಂಪಾಗಿ ಎಳೆಗಳಾಗಿ ಹೆಣೆದುಕೊಂಡಿವೆ. ಆದ್ದರಿಂದ ಒಂದೇ ಸಣ್ಣ ಕ್ಷೇತ್ರವನ್ನು ನಂಬಿದಾಗ ಆಕಸ್ಮಿಕದ ಪಾಲು ಮೇಲಿನ ಸರಳ ಲೆಕ್ಕ ಹೇಳುವುದಕ್ಕಿಂತಲೂ ದೊಡ್ಡದು. ನೂರರಲ್ಲಿ ಒಂದು ಎಂಬ ಅಂಕಿಯನ್ನು ನಾನು ಈಗ ಅಷ್ಟು ಭಯಭಕ್ತಿಯಿಂದ ನೋಡುವುದಿಲ್ಲ.

ಮುಂದಿನ ವರ್ಷಗಳಲ್ಲಿ ಸಾಕ್ಷ್ಯ ಹ್ಯಾರಿಸನ್ ತಂಡದ ಕಡೆಗೇ ವಾಲಿತು. 2015ರಲ್ಲಿ ಫ್ಲೋರಾ ಸ್ಟ್ಯಾನ್ಲಿ ಮತ್ತು ಸಂಗಡಿಗರು ಸುಮಾರು 2,000 ಸಕ್ರಿಯ ಗ್ಯಾಲಕ್ಸಿಗಳನ್ನು ಕೆಂಪು ಪಲ್ಲಟ 0.2ರಿಂದ 2.5ರವರೆಗೆ ನೋಡಿ, ಕಪ್ಪುಕುಳಿಯ ಪ್ರಭೆ ಹೆಚ್ಚಿದರೂ ಸರಾಸರಿ ದರದ ರೇಖೆ ಬಹುತೇಕ ಸಪಾಟಾಗಿಯೇ ಸಾಗುತ್ತದೆಂದು ತೋರಿಸಿದರು. ಅವರು ಮಾಡಿದ ಇನ್ನೊಂದು ಒಳ್ಳೆಯ ಕೆಲಸವೆಂದರೆ ಪ್ರತಿ ಗ್ಯಾಲಕ್ಸಿಯ ಅವಕೆಂಪು ಬೆಳಕಿನಿಂದ ಕಪ್ಪುಕುಳಿಯ ಪಾಲನ್ನು ಬೇರ್ಪಡಿಸಿದ್ದು. ಇದು ಚಿಕ್ಕ ವಿಷಯವಲ್ಲ. ವಿಶ್ವದ ಹಿಗ್ಗುವಿಕೆಯಿಂದ ಬೆಳಕು ಹಿಗ್ಗುವ ಕಾರಣ, ನಮಗೆ 250 ಮೈಕ್ರೋಮೀಟರ್ ಆಗಿ ತಲುಪುವುದು ಕೆಂಪು ಪಲ್ಲಟ 1ರಲ್ಲಿ 125 ಆಗಿಯೂ 3ರಲ್ಲಿ ಸುಮಾರು 62 ಆಗಿಯೂ ಹೊರಟಿರುತ್ತದೆ. 62 ಮೈಕ್ರೋಮೀಟರ್‌ನಲ್ಲಿ ಪ್ರಬಲ ಕೇಂದ್ರದ ಬಿಸಿ ದೂಳೂ ಕೈ ಹಾಕಬಲ್ಲದು; ಅದನ್ನು ಕಳೆಯದಿದ್ದರೆ ಪ್ರಖರ ಗುಂಪಿನ ನಕ್ಷತ್ರ ಜನನ ನಿಜಕ್ಕಿಂತ ಹೆಚ್ಚಾಗಿ ತೋರುತ್ತದೆ.

ಸರಾಸರಿಯ ಹಿಂದೆ

ಹಾಗಾದರೆ ಕಪ್ಪುಕುಳಿ ತನ್ನ ಗ್ಯಾಲಕ್ಸಿಗೆ ಏನನ್ನೂ ಮಾಡುವುದಿಲ್ಲವೇ? ಪ್ರಕರಣವನ್ನು ಇಲ್ಲಿಗೆ ಮುಚ್ಚಿದವರು ಅನೇಕರಿದ್ದಾರೆ, ಆದರೆ ಅದು ಆತುರದ ತೀರ್ಪು. ಮೊದಲನೆಯ ಕಾರಣ ಕಾಲದ್ದು. ದೂರ ಅವಕೆಂಪು ಬೆಳಕು ಸುಮಾರು 10 ಕೋಟಿ ವರ್ಷಗಳ ನಕ್ಷತ್ರ ಜನನದ ನೆನಪನ್ನು ಹೊತ್ತಿರುತ್ತದೆ. ಎಕ್ಸ್-ಕಿರಣವಾದರೋ ಕಪ್ಪುಕುಳಿಗೆ ಆ ಗಳಿಗೆಯಲ್ಲಿ ಎಷ್ಟು ಅನಿಲ ಬೀಳುತ್ತಿದೆ ಎಂಬುದನ್ನು ಹೇಳುತ್ತದೆ, ಅದು ಲಕ್ಷ ವರ್ಷಗಳಷ್ಟು ಕಿರಿದಾದ ಅವಧಿಯಲ್ಲೇ ನೂರಾರು ಪಟ್ಟು ಏರಿಳಿಯಬಲ್ಲದು. ಇಂದು 10⁴⁴ರ ಮೇಲಿನ ಗುಂಪಿನಲ್ಲಿರುವ ಕೇಂದ್ರ, ಗ್ಯಾಲಕ್ಸಿಯ ಆಯುಷ್ಯದ ಲೆಕ್ಕದಲ್ಲಿ ನಿನ್ನೆಯಷ್ಟೇ ಕೆಳಗಿನ ಗುಂಪಿನಲ್ಲಿತ್ತು. ಡಾರ್ಟ್‌ಮತ್ ಕಾಲೇಜಿನ ರಯಾನ್ ಹಿಕಾಕ್ಸ್ ಮತ್ತು ಸಂಗಡಿಗರು 2014ರಲ್ಲಿ ಒಂದು ಸರಳ ಮಾದರಿ ಕಟ್ಟಿದರು: ದೀರ್ಘಕಾಲದ ಸರಾಸರಿಯಲ್ಲಿ ಕಪ್ಪುಕುಳಿಯ ಬೆಳವಣಿಗೆ ನಕ್ಷತ್ರ ಜನನಕ್ಕೆ ಅನುಪಾತದಲ್ಲೇ ಇರುತ್ತದೆ, ಆದರೆ ಗಳಿಗೆಗಳಿಗೆಗೆ ಅದು ಬೇಕಾಬಿಟ್ಟಿ ಮಿನುಗುತ್ತದೆ. ಗ್ಯಾಲಕ್ಸಿಗಳನ್ನು ಕಪ್ಪುಕುಳಿಯ ಪ್ರಭೆಯಿಂದ ವಿಂಗಡಿಸಿದಾಗ ಸಪಾಟು ರೇಖೆ ಆ ಮಾದರಿಯಿಂದ ತಾನಾಗಿಯೇ ಹೊರಬಂದಿತು. ವಿಂಗಡಣೆಯನ್ನು ತಿರುಗಿಸಿ, ನಕ್ಷತ್ರ ಜನನದಿಂದ ಗುಂಪು ಮಾಡಿ ಕಪ್ಪುಕುಳಿಯ ಬೆಳವಣಿಗೆಯ ಸರಾಸರಿ ತೆಗೆದರೆ ನೇರ ಏರುಗತಿ ಸಿಗುತ್ತದೆ. ಹರ್ಷೆಲ್ ನೋಡಿದ ಸುಮಾರು 9 ಚದರ ಡಿಗ್ರಿಯ ಒಂದು ಕ್ಷೇತ್ರದಲ್ಲಿ 2013ರಲ್ಲೇ ಅದನ್ನು ಅಳೆದು ತೋರಿಸಲಾಗಿತ್ತು. ಯಾವುದನ್ನು ಹಿಡಿದು ಯಾವುದರ ಸರಾಸರಿ ತೆಗೆಯುತ್ತೇವೆ ಎಂಬುದರ ಮೇಲೆ ಉತ್ತರವೇ ಬದಲಾಗುವುದು ಈ ಪ್ರಕರಣದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ಸಂಗತಿ.

ಎರಡನೆಯ ಕಾರಣ ಮೇಲಿನ ಕಲ್ಪಿತ ಉದಾಹರಣೆಯಲ್ಲೇ ಅಡಗಿದೆ. ಎರಡು ಪ್ರಖರ ಗ್ಯಾಲಕ್ಸಿಗಳು ಸರಾಸರಿಯನ್ನು 140ಕ್ಕೆ ಎತ್ತಿದಾಗ, ಉಳಿದ 19 ಗ್ಯಾಲಕ್ಸಿಗಳ ನಿಜಸ್ಥಿತಿ ಆ ಸರಾಸರಿಯ ಹಿಂದೆ ಮುಚ್ಚಿಹೋಗುತ್ತದೆ. ಪೇಜ್ ತಂಡದ ವಿರುದ್ಧ ಹೂಡಿದ ಆಕ್ಷೇಪ ಹೀಗೆ ಸಪಾಟು ರೇಖೆಗೂ ತಟ್ಟುತ್ತದೆ. ಶೆಫೀಲ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಮುಲ್ಲೇನಿ ಮತ್ತು ಸಂಗಡಿಗರು 2015ರಲ್ಲಿ ಚಿಲಿಯ ಆಲ್ಮಾ ದೂರದರ್ಶಕದಿಂದ, ಹರ್ಷೆಲ್‌ಗೆ ಒಂದೊಂದಾಗಿ ಕಾಣದಿದ್ದ ಸಕ್ರಿಯ ಗ್ಯಾಲಕ್ಸಿಗಳನ್ನು ಬಿಡಿಬಿಡಿಯಾಗಿ ನೋಡಿದರು. ಆಲ್ಮಾದ ಚಿತ್ರ ಬಹಳ ಚೂಪಾದದ್ದರಿಂದ ಬೆರಕೆಯ ಗದ್ದಲ ಅಲ್ಲಿ ಅಡ್ಡಿಯಾಗುವುದಿಲ್ಲ. ಸಕ್ರಿಯ ಗ್ಯಾಲಕ್ಸಿಗಳ ನಕ್ಷತ್ರ ಜನನದ ದರ ಸಾಮಾನ್ಯ ಗ್ಯಾಲಕ್ಸಿಗಳ ದರಕ್ಕಿಂತ ಹೆಚ್ಚು ಅಗಲವಾಗಿ ಹರಡಿದೆ, ಆ ಹರಹಿನ ನಡುಭಾಗ ಕೆಳಕ್ಕೆ ಸರಿದಿದೆ, ಸರಾಸರಿಗಳು ಹೊಂದುತ್ತಿದ್ದುದು ಕೆಲವು ಪ್ರಖರ ಗ್ಯಾಲಕ್ಸಿಗಳ ಬಲದಿಂದ ಎಂದು ಅವರು ಕಂಡರು. 2018ರಲ್ಲಿ ಯಾನ್ ಶೋಲ್ಟ್ಸ್ ಮತ್ತು ಸಂಗಡಿಗರು ಇದನ್ನು ‘ಈಗಲ್’ ಎಂಬ ವಿಶ್ವ ಅನುಕರಣೆಯ ಜೊತೆ ಹೋಲಿಸಿದರು. ಕಪ್ಪುಕುಳಿಗಳ ಪ್ರಭಾವವಿರುವ ಅನುಕರಣೆಯಲ್ಲಿ ಭಾರಿ ಗ್ಯಾಲಕ್ಸಿಗಳ ದರದ ಹರಹು ಅಗಲವಾಗಿತ್ತು, ಆ ಪ್ರಭಾವವನ್ನು ತೆಗೆದುಹಾಕಿದ ಅನುಕರಣೆಯಲ್ಲಿ ಅದು ಕಿರಿದಾಯಿತು. ಗುರುತು ಉಳಿದಿರುವುದು ಆ ಗಳಿಗೆಯ ಎಕ್ಸ್-ಕಿರಣ ಪ್ರಭೆಯಲ್ಲಿ ಅಲ್ಲ, ಗ್ಯಾಲಕ್ಸಿಯ ನಕ್ಷತ್ರಗಳ ಒಟ್ಟು ದ್ರವ್ಯರಾಶಿಗೆ ಎದುರಾಗಿ ನೋಡಿದ ಈ ಹರಹಿನಲ್ಲಿ.

ತಡೆ ನಡೆಯುವ ಕ್ರಿಯೆಯನ್ನೇ ನೇರವಾಗಿ ನೋಡಬೇಕೆಂದರೆ ಹತ್ತಿರಕ್ಕೆ ಬರಬೇಕು. ಅದೇ ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ, ಸುಮಾರು 58 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಮರ್ಕೇರಿಯನ್ 231 ಎಂಬ ಗ್ಯಾಲಕ್ಸಿ ಇದೆ. 2010ರಲ್ಲಿ ಹರ್ಷೆಲ್‌ನ ಇನ್ನೊಂದು ಉಪಕರಣವಾದ ಪ್ಯಾಕ್ಸ್, ಅಲ್ಲಿನ ಹೈಡ್ರಾಕ್ಸಿಲ್ ಅಣುಗಳ ದೂರ ಅವಕೆಂಪು ರೇಖೆಗಳಲ್ಲಿ ಸೆಕೆಂಡಿಗೆ 1,000 ಕಿಲೋಮೀಟರ್‌ಗಿಂತ ವೇಗವಾಗಿ ಹೊರಕ್ಕೆ ನುಗ್ಗುತ್ತಿರುವ ತಣ್ಣನೆಯ ಅನಿಲವನ್ನು ಗುರುತಿಸಿತು. ಅದೇ ವರ್ಷ ಫ್ರಾನ್ಸಿನ ಪ್ಲಾಟೊ ದ ಬ್ಯೂರ್ ರೇಡಿಯೊ ದೂರದರ್ಶಕದಿಂದ ಇಂಗಾಲದ ಮೊನಾಕ್ಸೈಡ್ ಅಳೆದ ಚಿಯಾರಾ ಫೆರುಲಿಯೋ ಮತ್ತು ಸಂಗಡಿಗರು, ವರ್ಷಕ್ಕೆ ಸುಮಾರು 700 ಸೂರ್ಯರಾಶಿಯ ಅನಿಲ ಹೊರಹೋಗುತ್ತಿದೆಯೆಂದೂ ನಕ್ಷತ್ರವಾಗುತ್ತಿರುವುದು ಸುಮಾರು 200 ಸೂರ್ಯರಾಶಿಯಷ್ಟೇ ಎಂದೂ ಲೆಕ್ಕ ಹಾಕಿದರು. ಈ ದರದಲ್ಲಿ ತಣ್ಣನೆಯ ಅನಿಲದ ಸಂಗ್ರಹ ಸುಮಾರು 1 ಕೋಟಿ ವರ್ಷದಲ್ಲಿ ಬರಿದಾಗುತ್ತದೆ. ಅನಿಲ ಬರಿದಾದ ಮೇಲೂ ದೂರ ಅವಕೆಂಪಿನ ಹೊಳಪು ಅದಕ್ಕಿಂತ ಬಹುಕಾಲ ನಕ್ಷತ್ರ ಜನನದ ನೆನಪನ್ನು ಹಿಡಿದಿಟ್ಟುಕೊಂಡಿರುತ್ತದೆ. ಇನ್ನು ಎಕ್ಸ್-ಕಿರಣದ ಮಾತು: ನುಸ್ಟಾರ್ ದೂರದರ್ಶಕ 2014ರಲ್ಲಿ ತೋರಿಸಿದಂತೆ ಮರ್ಕೇರಿಯನ್ 231ರ ಕೇಂದ್ರ ಸ್ವಭಾವತಃ ಎಕ್ಸ್-ಕಿರಣದಲ್ಲಿ ಮಂಕು, 0.5ರಿಂದ 30 ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗಿನ ಇಡೀ ಪಟ್ಟಿಯನ್ನು ಕೂಡಿಸಿದರೂ ಅದರ ಪ್ರಭೆ ಸೆಕೆಂಡಿಗೆ ಸುಮಾರು 10⁴³ ಅರ್ಗ್ ಮಾತ್ರ. ಅನಿಲವನ್ನು ಹೊರಗಟ್ಟುವ ಕ್ರಿಯೆ ಇಷ್ಟು ಸ್ಪಷ್ಟವಾಗಿ ಕಾಣುವ ಈ ಗ್ಯಾಲಕ್ಸಿಯನ್ನು 1,000 ಕೋಟಿ ವರ್ಷಗಳ ಹಿಂದಕ್ಕೆ ಒಯ್ದು ಉತ್ತರ ಕ್ಷೇತ್ರದಲ್ಲಿ ಇಟ್ಟಿದ್ದರೆ, ಪೇಜ್ ತಂಡದ 21ರ ಗುಂಪಿಗೂ 44ರ ಗುಂಪಿಗೂ ಅದು ಸೇರುತ್ತಿರಲಿಲ್ಲ.